ಒಂದೂಮುಕ್ಕಾಲು ಇಂಚು

ನಾಲ್ಕು ವರ್ಷದ ಹಿಂದೆ ನಾನು ಸಿಂದಗಿಯ ಹೊರವಲಯದ ಒಂದು ಟ್ರಾನ್ಸ್‌ಪೋರ್ಟ್ ಯಾರ್ಡಿನಲ್ಲಿ ಮೇಂಟೆನನ್ಸ್ ಸೂಪರ್‌ವೈಸರ್ ಆಗಿದ್ದೆ. ವಯಸ್ಸು ಇಪ್ಪತ್ತನಾಲ್ಕು, ಕೈಯಲ್ಲಿ ಆಟೋಮೊಬೈಲ್ ಡಿಪ್ಲೊಮಾ, ಜೇಬಿನಲ್ಲಿ ಮೂರು ಬಣ್ಣದ ಪೆನ್ನು. ನನ್ನ ಕೈಕೆಳಗೆ ಹದಿನಾಲ್ಕು ಟ್ರೈಲರ್ ಲಾರಿಗಳಿವೆ ಎಂದು ನಮ್ಮೂರು ಇಂಡಿಯ ಓಣಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ. ಆ ಲಾರಿಗಳಿಗೆ ಮಾತ್ರ ಈ ಸುದ್ದಿ ಕೊನೆಯವರೆಗೂ ತಲುಪಲಿಲ್ಲ.

ಮೊದಲ ದಿನವೇ ಏರ್ ಟ್ಯಾಂಕಿನ ಡ್ರೇನ್ ನಲ್ಲಿಯನ್ನು ತಿರುವಿದೆ. ಬ್ರೇಕಿಗೆ ಗಾಳಿ ತುಂಬಿಸಿಡುವ ಆ ಟ್ಯಾಂಕಿನಲ್ಲಿ ನೀರು ಕೂರುತ್ತದೆ, ಅದನ್ನು ದಿನವೂ ಹೊರಗೆ ಬಿಡಬೇಕು ಎಂಬುದು ಪುಸ್ತಕದಲ್ಲಿತ್ತು. ಬಿಡುವಾಗ ಮುಖ ಎದುರಿಗೆ ಇಟ್ಟುಕೊಳ್ಳಬಾರದು ಎಂಬುದು ಪುಸ್ತಕದಲ್ಲಿ ಇರಲಿಲ್ಲ. ಎಣ್ಣೆ ಬೆರೆತ ಕಪ್ಪು ನೀರಿನಲ್ಲಿ ಮಿಂದು ಎದ್ದಾಗ ಇಡೀ ಯಾರ್ಡು ನಕ್ಕಿತು. ಎರಡನೆಯ ದಿನ ಒಂದು ಗಾಡಿಯ ಟೈರ್ ಎಣಿಸಿ ಇಪ್ಪತ್ತೊಂದೇ ಇವೆ, ಒಂದು ಕಳುವಾಗಿದೆ ಎಂದು ಗದ್ದಲ ಎಬ್ಬಿಸಿದೆ. ಇಪ್ಪತ್ತೆರಡನೆಯದಕ್ಕೆ ನಾನೇ ಒರಗಿ ನಿಂತಿದ್ದೆ.

ನಮ್ಮ ಗಾಡಿಗಳೆಲ್ಲ ಇಪ್ಪತ್ತೆರಡು ಟೈರಿನವು. ಮುಂದೆ ಇಂಜಿನ್ ಇರುವ ಭಾಗಕ್ಕೆ ಹಾರ್ಸ್ ಎನ್ನುತ್ತಾರೆ, ಅದಕ್ಕೆ ಹತ್ತು ಟೈರು. ಅದರ ಬೆನ್ನಿಗೆ ಸಿಕ್ಕಿಸಿದ ಉದ್ದನೆಯ ಟ್ರೈಲರಿಗೆ ಹನ್ನೆರಡು. ಕಲಬುರಗಿ ಕಡೆಯಿಂದ ಸಿಮೆಂಟ್ ತಂದು ನಮ್ಮ ಜಿಲ್ಲೆಯ ತಾಲೂಕುಗಳಿಗೆಲ್ಲ ಇಳಿಸುವುದು ಅವುಗಳ ಕೆಲಸ. ಅವು ಕೆಡುವ ಮೊದಲೇ ನೋಡಿ ಸರಿಮಾಡುವುದು ನನ್ನದು. ಗ್ರೀಸ್, ಆಯಿಲ್, ಏರ್ ಪೈಪು, ನಟ್ಟು, ಲೈಟು, ಬ್ರೇಕು. ಟೈರಿನ ಲೆಕ್ಕಕ್ಕೆ ಹೊಂದಲಿ ಎಂದು ಇಪ್ಪತ್ತೆರಡು ಐಟಂಗಳ ಒಂದು ಕಾರ್ಡ್ ಮಾಡಿದೆ, ಅದೂ ಇಂಗ್ಲಿಷಿನಲ್ಲಿ. ಮೊದಲ ತಿಂಗಳು ಆ ಕಾರ್ಡುಗಳು ವಾಪಸು ಬಂದಾಗ ಅರ್ಧದಷ್ಟರ ಮೇಲೆ ಮಿರ್ಚಿ ಭಜಿಯ ಎಣ್ಣೆ ಇತ್ತು. ಡ್ರೈವರ್‌ಗಳು ಅವನ್ನು ಚೆನ್ನಾಗಿಯೇ ಉಪಯೋಗಿಸಿದ್ದರು.

ಆಗ ನನಗೊಂದು ಬುದ್ಧಿ ಹೊಳೆಯಿತು. ನನಗೆ ಬುದ್ಧಿ ಹೊಳೆದಾಗಲೆಲ್ಲ ಯಾರಾದರೂ ನನ್ನನ್ನು ಕಟ್ಟಿಹಾಕಬೇಕಿತ್ತು.

ನಮ್ಮ ಕಡೆ ಅಮಾವಾಸ್ಯೆಯ ದಿನ ಲಾರಿ ಓಡುವುದಿಲ್ಲ. ಗಾಡಿ ತೊಳೆದು, ಹೂ ಏರಿಸಿ, ಟೆಂಗಿನಕಾಯಿ ಒಡೆದು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಮುಂದಕ್ಕೆ ಒಂದು ಸುತ್ತು ಉರುಳಿಸುತ್ತಾರೆ. ಬ್ರೇಕ್ ನೋಡುವುದು ತಪ್ಪಬಹುದು, ಇದು ತಪ್ಪಿದ್ದನ್ನು ನಾನು ಕಂಡಿಲ್ಲ. ಹಾಗಾದರೆ ನನ್ನ ತಪಾಸಣೆಯನ್ನೂ ಅದೇ ದಿನಕ್ಕೆ ಇಟ್ಟು, ಅದಕ್ಕೂ ‘ಪೂಜಿ’ ಎಂದೇ ಹೆಸರಿಟ್ಟರೆ? ಇಪ್ಪತ್ತೆರಡು ಐಟಂ ಪೂಜಿ. ಡ್ರೈವರ್‌ಗಳು ನಕ್ಕರು, ಆದರೆ ಬಂದರು. ಟೆಂಗು ಒಡೆದ ಮೇಲೆ ಗಾಡಿಯನ್ನು ನನ್ನ ಮುಂದೆ ತಂದು ನಿಲ್ಲಿಸತೊಡಗಿದರು. ‘ಪೂಜಿ ಆತೇನು?’ ಎಂದರೆ ನಮ್ಮ ಯಾರ್ಡಿನಲ್ಲಿ ಎರಡೂ ಆಯಿತೇ ಎಂದು ಅರ್ಥ. ಮಾಲೀಕರು ನನ್ನ ಬೆನ್ನು ತಟ್ಟಿದರು. ನಾನು ಇಂಡಿಗೆ ಹೋಗಿ ಈ ಕಥೆಯನ್ನು ಇನ್ನಷ್ಟು ಉದ್ದ ಮಾಡಿ ಹೇಳಿದೆ. ಒಂದೇ ಮಾತಿಗೆ ಎರಡು ಕೆಲಸ ಕಟ್ಟಿದರೆ ಎಂದಾದರೊಂದು ದಿನ ಒಂದು ಕೆಲಸ ಬಿಟ್ಟುಹೋಗಿ ಮಾತು ಮಾತ್ರ ಉಳಿಯುತ್ತದೆ ಎಂದು ಆಗ ತೋಚಲಿಲ್ಲ.

ನಮ್ಮ ಡ್ರೈವರ್‌ಗಳಲ್ಲಿ ಹಿರಿಯರು ಹೊರ್ತಿಯ ಯಮನಪ್ಪ. ಐವತ್ತೆರಡು ವಯಸ್ಸು, ಬಿಳಿ ಟೊಪ್ಪಿಗೆ, ಬಾಯಲ್ಲಿ ಸದಾ ಎಲೆ ಅಡಿಕೆ. ಎಲ್ಲರಿಗೂ ಕಾಕಾ. ನಲವತ್ತು ಟನ್ ಸಿಮೆಂಟ್ ಹೇರಿಕೊಂಡು ಬರುವ ಮನುಷ್ಯನಿಗೆ ಯಮನ ಹೆಸರು ಯಾರು ಇಟ್ಟರು ಎಂದು ನಾನು ಕಾಡುತ್ತಿದ್ದೆ. ಹೆಸರು ಕೇಳಿಯೇ ಪೊಲೀಸರು ದಾರಿ ಬಿಡುತ್ತಾರೆ ಎನ್ನುತ್ತಿದ್ದರು ಅವರು. ಆ ಯಾರ್ಡಿನಲ್ಲಿ ನನ್ನನ್ನು ‘ಸಾಹೇಬ್ರ’ ಎಂದು ಅಣಕಿಸದೆ ‘ತಮ್ಮಾ’ ಎಂದವರು ಅವರೊಬ್ಬರೇ.

ಈಗ ಬ್ರೇಕಿನ ವಿಷಯ ಸ್ವಲ್ಪ ಹೇಳಬೇಕು. ಟ್ರೈಲರಿನ ಆರು ಕಡೆ ಆರು ಡಬ್ಬಿಗಳಿರುತ್ತವೆ, ಮಿಸ್ತ್ರಿಗಳು ಬೂಸ್ಟರ್ ಎನ್ನುತ್ತಾರೆ. ಪೆಡಲ್ ತುಳಿದರೆ ಗಾಳಿ ನುಗ್ಗಿ ಡಬ್ಬಿಯೊಳಗಿಂದ ಒಂದು ಸಳಿ, ಅಂದರೆ ಕಬ್ಬಿಣದ ಸರಳು, ಹೊರಗೆ ಬರುತ್ತದೆ. ಆ ಸಳಿ ಬ್ರೇಕ್ ಲೈನರನ್ನು ಗಾಲಿಯ ಡ್ರಮ್ಮಿಗೆ ಒತ್ತುತ್ತದೆ, ಗಾಲಿ ನಿಲ್ಲುತ್ತದೆ. ಲೈನರ್ ಸವೆದಂತೆ ಸಳಿ ಹೆಚ್ಚು ದೂರ ಬರಬೇಕಾಗುತ್ತದೆ. ನಮ್ಮ ಗಾಡಿಗಳಿಗೆ ಎರಡು ಇಂಚು ಗಡಿ. ಅದನ್ನು ದಾಟಿದರೆ ಸಳಿ ತನ್ನ ಓಟ ಮುಗಿಸಿಬಿಡುತ್ತದೆ, ಲೈನರ್ ಮಾತ್ರ ಡ್ರಮ್ಮನ್ನು ಹಿಡಿಯುವುದಿಲ್ಲ. ಡ್ರೈವರ್ ಎಷ್ಟು ತುಳಿದರೂ ಅಷ್ಟೇ. ಹಾಗಾಗಿ ಆಗಾಗ ಅಳೆದು ಸ್ಪ್ಯಾನರಿನಿಂದ ಟೈಟ್ ಮಾಡಬೇಕು. ಅಳೆಯಲು ಇಬ್ಬರು ಬೇಕು: ಒಬ್ಬರು ಮೇಲೆ ಕೂತು ಪೆಡಲ್ ತುಳಿಯಬೇಕು, ಇನ್ನೊಬ್ಬರು ಕೆಳಗೆ ಮಲಗಿ ಸಳಿಗೆ ಚಾಕ್‌ಪೀಸಿನ ಗುರುತು ಹಾಕಿ ಟೇಪ್ ಹಿಡಿಯಬೇಕು. ಒಂದು ಗಾಡಿಗೆ ನಲವತ್ತು ನಿಮಿಷ.

ಆ ವರ್ಷ ಬೇಸಿಗೆಯ ಕೊನೆಯ ಪೂಜಿಯಲ್ಲಿ ಕಾಕಾನ ಟ್ರೈಲರ್ ಅಳೆದಾಗ ಆರೂ ಕಡೆ ಒಂದೂಮುಕ್ಕಾಲರ ಮೇಲೆ ಬಂತು. ಗಡಿಯ ಒಳಗೇ ಇದೆ, ಮುಂದಿನ ಅಮಾವಾಸ್ಯೆಗೆ ತಪ್ಪದೆ ಟೈಟ್ ಮಾಡೋಣ ಎಂದ ನಮ್ಮ ಮಿಸ್ತ್ರಿ ಗುರಪ್ಪ. ನಾನು ಕೆಂಪು ಪೆನ್ನಿನಲ್ಲಿ ಬರೆದುಕೊಂಡೆ. ಮೂರು ಬಣ್ಣದ ಪೆನ್ನು ಇಟ್ಟುಕೊಂಡಿದ್ದು ಇಂಥದಕ್ಕೇ.

ಮುಂದಿನ ಅಮಾವಾಸ್ಯೆ ಮಣ್ಣೆತ್ತಿನ ಅಮಾವಾಸ್ಯೆ. ಕಾಕಾ ಹಿಂದಿನ ದಿನ ಚಡಚಣದಲ್ಲಿ ಸಿಮೆಂಟ್ ಇಳಿಸಿ, ಖಾಲಿ ಗಾಡಿಯನ್ನು ಹೊರ್ತಿಯ ಹೈವೇ ಪಕ್ಕ ನಿಲ್ಲಿಸಿ, ಹಬ್ಬಕ್ಕೆ ಮನೆಗೆ ಹೋದರು. ಗುರಪ್ಪನೂ ಊರಿಗೆ ಹೋಗಿದ್ದ. ನಾನು ಬೆಳಿಗ್ಗೆ ಐದು ಗಾಡಿ ನೋಡಿ ಮುಗಿಸಿ ಬಸ್ ಹಿಡಿದು ಇಂಡಿಗೆ ಬಂದುಬಿಟ್ಟೆ. ಊಟಕ್ಕೆ ಕೂತಾಗ ಮಾಲೀಕರ ಫೋನು: ಸಂಜೆಯೊಳಗೆ ಎಲ್ಲ ಕಾರ್ಡಿನ ಫೋಟೊ ಕಳಿಸು. ಕಾರ್ಡಿನ ಕಟ್ಟು ಚೀಲದಲ್ಲೇ ಇತ್ತು. ತಟ್ಟೆಯ ಪಕ್ಕ ಹರವಿಕೊಂಡು ಒಬ್ಬೊಬ್ಬ ಡ್ರೈವರಿಗೆ ಫೋನ್ ಹಚ್ಚಿದೆ.

“ಕಾಕಾ, ಪೂಜಿ ಆತೇನ್ರಿ?”

“ಆತು ತಮ್ಮಾ. ಭಾಳ ಚಂದ ಆತು.”

ಅವರು ಹೇಳಿದ್ದು ಟೆಂಗು ಮತ್ತು ನಿಂಬೆಹಣ್ಣಿನ ಪೂಜೆ. ಹೊರ್ತಿಯ ರಸ್ತೆ ಬದಿಯಲ್ಲಿ ಮಿಸ್ತ್ರಿ ಇಲ್ಲ, ಟೇಪ್ ಇಲ್ಲ, ಕೆಳಗೆ ಮಲಗುವವರು ಯಾರೂ ಇಲ್ಲ. ಇದು ನನಗೆ ಗೊತ್ತಿರಲಿಲ್ಲ ಎಂದು ಇಲ್ಲಿ ಬರೆದರೆ ನೀವು ನಂಬಬಹುದು. ಗೊತ್ತಿತ್ತು. ಆದರೆ ಬಾಯಲ್ಲಿ ಹೋಳಿಗೆ ಇತ್ತು, ಕಿವಿಗೆ ‘ಪೂಜಿ ಆತು’ ಎಂಬ ಮಾತು ಬಿದ್ದಿತ್ತು, ಕೈಯಲ್ಲಿ ಪೆನ್ನು ಇತ್ತು. ಇಪ್ಪತ್ತೆರಡು ಐಟಮ್ಮಿಗೂ ಟಿಕ್ ಹಾಕಿದೆ. ಬ್ರೇಕಿನ ಸಾಲಿನಲ್ಲಿ ಟಿಕ್ ಸಾಲದು, ಆರು ಅಳತೆ ಬರೆಯಬೇಕು. ಒಂದೂವರೆ, ಒಂದೂವರೆ, ಒಂದೂವರೆ ಎಂದು ಬರೆಯುತ್ತಾ ಹೋದೆ. ಐದನೆಯದಕ್ಕೆ ಬಂದಾಗ ಎಲ್ಲ ಒಂದೇ ಇದ್ದರೆ ಸುಳ್ಳು ಎನಿಸುತ್ತದೆ ಎಂದು ತೋರಿತು. ಅಲ್ಲಿ ಒಂದೂಮುಕ್ಕಾಲು ಎಂದು ಬರೆದೆ. ಬರೆದು ನನ್ನ ಜಾಣತನಕ್ಕೆ ನಾನೇ ನಕ್ಕು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.

ಮರುದಿನ ಕಾಕಾ ಯಾರ್ಡಿಗೆ ಬಂದರು. ಡ್ಯಾಶ್‌ಬೋರ್ಡಿನ ಮೇಲೆ ಮೊಮ್ಮಗಳು ಮಾಡಿಕೊಟ್ಟ ಎರಡು ಮಣ್ಣೆತ್ತು ಕೂತಿದ್ದವು, ಒಂದಕ್ಕೆ ಕೊಂಬು ಇರಲಿಲ್ಲ. ಆಗಲಾದರೂ ನಲವತ್ತು ನಿಮಿಷ ಕೊಡಬಹುದಿತ್ತು. ಆದರೆ ಲೋಡಿಗೆ ಕರೆ ಬಂದಿತ್ತು, ಕಾರ್ಡೂ ತುಂಬಿತ್ತು. ತುಂಬಿದ ಕಾರ್ಡನ್ನು ನೋಡಿದಾಗ ಕೆಲಸ ಮುಗಿದಿದೆ ಎಂದು ನನಗೇ ಅನಿಸತೊಡಗಿತ್ತು. ಸಹಿ ಹಾಕಿ ಎಂದೆ. ಅವರು ಇಂಗ್ಲಿಷ್ ಓದಲಾರರು. ನೀ ಬರೆದಿದ್ದರೆ ಬರೋಬ್ಬರಿಯೇ ಇರುತ್ತದೆ ಎಂದು ಹೇಳಿ ಸಹಿ ಹಾಕಿ ಹೋದರು.

ಹತ್ತು ದಿನದ ಮೇಲೆ ದೇವರ ಹಿಪ್ಪರಗಿಯಿಂದ ಅವರ ಫೋನ್ ಬಂತು.

“ತಮ್ಮಾ, ಬ್ರೇಕ್ ಮೊದಲಿನಂಗ ಹಿಡೀವಲ್ದು. ತಳಾ ಮುಟ್ಟೂ ತನಕಾ ತುಳೀಬೇಕಾಗೇತಿ.”

“ವಯಸ್ಸಾತಲ್ಲರಿ ಕಾಕಾ,” ಎಂದೆ. “ಬ್ರೇಕ್ ಸರಿ ಐತಿ. ನಿಮ್ಮ ಕಾಲಽ ಗಿಡ್ಡ ಆಗ್ಯಾವ ನೋಡ್ರಿ.”

ಅವರು ಜೋರಾಗಿ ನಕ್ಕರು. ಪಕ್ಕದಲ್ಲಿದ್ದವರಿಗೂ ಆ ಮಾತು ಹೇಳಿ ನಗಿಸಿದ್ದು ಫೋನಿನಲ್ಲೇ ಕೇಳಿಸಿತು. ಈ ಟ್ರಿಪ್ ಮುಗಿಸಿ ಬನ್ನಿ, ನೋಡೋಣ ಎಂದೆ. ಆ ಟ್ರಿಪ್ಪಿನ ಹಿಂದೆ ಇನ್ನೊಂದು ಟ್ರಿಪ್ ಬಂತು.

ಅಮಾವಾಸ್ಯೆ ಕಳೆದು ಹದಿನೇಳನೆಯ ದಿನ, ಬೆಳಿಗ್ಗೆ ಹತ್ತರ ಸುಮಾರಿಗೆ, ಬಸವನ ಬಾಗೇವಾಡಿ ದಾಟಿ ಮುದ್ದೇಬಿಹಾಳದ ದಾರಿಯಲ್ಲಿ ಒಂದು ಹಳ್ಳದ ಇಳಿಜಾರು. ಜಿಟಿಜಿಟಿ ಮಳೆ. ಕೆಳಗೆ, ಹಳ್ಳದ ಸಣ್ಣ ಸೇತುವೆಯ ಬಾಯಲ್ಲೇ ಒಂದು ಟಂಟಂ ಆಟೊ ಕೆಟ್ಟು ನಿಂತಿತ್ತು. ಕಳೆ ತೆಗೆಯಲು ಹೊರಟಿದ್ದ ಒಂಬತ್ತು ಹೆಣ್ಣುಮಕ್ಕಳು ಅದರಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಕಾಕಾ ಮೇಲಿನಿಂದಲೇ ನೋಡಿ ಬ್ರೇಕ್ ತುಳಿದರು. ಹಾರ್ಸಿನ ಬ್ರೇಕ್ ಹಿಡಿಯಿತು, ಟ್ರೈಲರಿನದು ಹಿಡಿಯಲಿಲ್ಲ. ನಲವತ್ತು ಟನ್ ಹಿಂದಿನಿಂದ ದೂಡತೊಡಗಿತು. ಹಾರ್ನ್ ಒತ್ತಿದ ಕೈ ತೆಗೆಯಲೇ ಇಲ್ಲ ಎಂದು ಆಮೇಲೆ ಆ ಹೆಣ್ಣುಮಕ್ಕಳು ಹೇಳಿದರು. ನೇರ ಹೋಗಿದ್ದರೆ ಟಂಟಂ ಎದುರಿಗೇ ಇತ್ತು. ಕಾಕಾ ಸ್ಟೇರಿಂಗನ್ನು ಎಡಕ್ಕೆ ಎಳೆದು ಗಾಡಿಯನ್ನು ಸೇತುವೆಯ ಕಲ್ಲಿನ ಗೋಡೆಗೆ ಗುದ್ದಿಸಿದರು. ಗಾಡಿ ನಿಂತಿತು, ಸಿಮೆಂಟ್ ಚೀಲಗಳು ನಿಲ್ಲಲಿಲ್ಲ. ಅವು ಮುಂದಕ್ಕೆ ಜಾರಿ ಕ್ಯಾಬಿನ್ನನ್ನು ಹಿಂದಿನಿಂದ ಒತ್ತಿದವು.

ನಾನು ಅಲ್ಲಿಗೆ ಮುಟ್ಟಿದಾಗ ಜೆಸಿಬಿಯಿಂದ ಕ್ಯಾಬಿನ್ ಎಳೆದು ತೆರೆಯುತ್ತಿದ್ದರು. ಎರಡು ತಾಸು ಹಿಡಿಯಿತು. ಒಬ್ಬ ಹೆಣ್ಣುಮಗಳು ಜಿಗಿಯುವಾಗ ಕೈ ಮುರಿದುಕೊಂಡಿದ್ದಳು. ಉಳಿದವರು ರಸ್ತೆಯ ಅಂಚಿನಲ್ಲಿ ಸಾಲಾಗಿ ಕೂತು, ಕಾಕಾನನ್ನು ಹೊರಗೆ ತೆಗೆಯುವುದನ್ನೇ ನೋಡುತ್ತಿದ್ದರು. ಕಾಕಾನ ಬಲಗಾಲು ಪೆಡಲ್ಲಿನ ಮೇಲೆಯೇ ಇತ್ತು. ಅದನ್ನು ಬಿಡಿಸಲು ಆಗದೆ ಪೆಡಲ್ಲನ್ನೇ ಕತ್ತರಿಸಿ ಹೊರಗೆ ತೆಗೆದರು. ವಿಜಯಪುರದ ಆಸ್ಪತ್ರೆಯಲ್ಲಿ ಆ ಸಂಜೆ ಮೊಣಕಾಲಿನ ಮೇಲಕ್ಕೆ ಕತ್ತರಿಸಿದರು.

ನನಗೆ ಸದಾ ಏನಾದರೊಂದು ಚೇಷ್ಟೆಯ ಮಾತು ಹೊಳೆಯುತ್ತದೆ. ಆ ದಿನ ಆಸ್ಪತ್ರೆಯ ಬೆಂಚಿನ ಮೇಲೆ ನನಗೆ ನೆನಪಾದದ್ದು ಒಂದೇ, ಹಿಂದೆ ಆಡಿಬಿಟ್ಟದ್ದು. ನಿಮ್ಮ ಕಾಲಽ ಗಿಡ್ಡ ಆಗ್ಯಾವ ನೋಡ್ರಿ.

ಅಪಘಾತವಾದ ಗಾಡಿಯನ್ನು ಆರ್‌ಟಿಒ ಕಚೇರಿಯ ಇನ್‌ಸ್ಪೆಕ್ಟರ್ ಪರೀಕ್ಷಿಸುತ್ತಾರೆ. ಆರು ಸಳಿಗಳಲ್ಲಿ ಐದು ಎರಡು ಇಂಚಿನ ಗಡಿ ದಾಟಿದ್ದವು. ಅವರು ನಮ್ಮ ಕಾರ್ಡ್ ಕೇಳಿದರು, ಮಾಲೀಕರು ಖುಷಿಯಿಂದಲೇ ಕೊಟ್ಟರು. ಅಲ್ಲಿ ನನ್ನ ಅಕ್ಷರದಲ್ಲಿ ಒಂದೂವರೆ, ಒಂದೂವರೆ, ಮಧ್ಯೆ ಒಂದೂಮುಕ್ಕಾಲು. ಹದಿನೇಳು ದಿನದಲ್ಲಿ ಲೈನರ್ ಅಷ್ಟು ಸವೆಯುವುದಿಲ್ಲ. ಹಾಗಾದರೆ ಯಾರೋ ಸ್ಪ್ಯಾನರ್ ಹಾಕಿ ಸಡಿಲ ಮಾಡಿದ್ದಾರೆ. ಹಾಗೆ ಮಾಡುವ ಡ್ರೈವರ್‌ಗಳಿದ್ದಾರೆ, ಸುಳ್ಳಲ್ಲ. ಟ್ರೈಲರಿನ ಬ್ರೇಕ್ ಬಿಗಿಯಾಗಿ ಡ್ರಮ್ ಕಾದರೆ, ಗಾಡಿ ಹಗುರ ಓಡಲಿ ಎಂದು ದಾರಿಯಲ್ಲೇ ಸಡಿಲ ಮಾಡಿಬಿಡುತ್ತಾರೆ. ಕಾಕಾನೂ ಹಾಗೇ ಮಾಡಿ ಒಂಬತ್ತು ಜನರ ಜೀವಕ್ಕೆ ಸಂಚಕಾರ ತಂದರು ಎಂದಾಯಿತು. ಲೈಸೆನ್ಸ್ ಹೋಗುತ್ತದೆ, ಕೇಸ್ ಬೀಳುತ್ತದೆ, ಜೈಲೂ ಆಗಬಹುದು ಎಂದು ಯಾರ್ಡಿನಲ್ಲಿ ಮಾತಾಡಿಕೊಂಡರು. ಮಾಲೀಕರು ನನ್ನನ್ನು ಒಳಗೆ ಕರೆದು, ನಿನ್ನ ಕಾರ್ಡೇ ನಮ್ಮನ್ನು ಉಳಿಸಿತು, ಹಿಂಗಽ ನೀಟಾಗಿ ಬರೀತಾ ಇರು ಎಂದರು. ಚಹಾ ತರಿಸಿದರು. ನಾನು ಕುಡಿದೆ.

ಎಂಟನೆಯ ದಿನ ಮತ್ತೆ ಆಸ್ಪತ್ರೆಗೆ ಹೋದೆ. ನಡುವೆ ಹೋಗದಿರಲು ಎಂಟು ಬಗೆಯ ಕಾರಣ ಹುಡುಕಿಕೊಂಡಿದ್ದೆ. ಕಾಕಾನ ಹೆಂಡತಿ ನೀಲವ್ವ ಕಾಟಿನ ಪಕ್ಕ ನೆಲದ ಮೇಲೆ ಕೂತಿದ್ದರು. ನನ್ನನ್ನು ಕಂಡು ಎದ್ದು ಸ್ಟೂಲ್ ಕೊಟ್ಟರು. ಪೊಲೀಸರು ಬಂದು ಕಾರ್ಡ್ ಓದಿ ಹೇಳಿದ್ದಾರೆ, ಬ್ರೇಕನ್ನು ಇವರೇ ಸಡಿಲ ಮಾಡಿದ್ದಾರೆ ಅಂತಾರೆ ಎಂದರು. ದೂರುವ ದನಿಯೇನೂ ಇರಲಿಲ್ಲ. ಓದಿದವನು ನೀನು, ಬಿಡಿಸಿ ಹೇಳು ಎಂಬಂತೆ ನನ್ನ ಮುಖ ನೋಡಿದರು.

ಕಾಕಾನ ಮುಖ ಸಣ್ಣದಾಗಿತ್ತು. ಹೊದಿಕೆ ಒಂದು ಕಡೆ ಕಾಲಿನ ತುದಿಯವರೆಗೆ ಎದ್ದು ಕಾಣುತ್ತಿತ್ತು, ಇನ್ನೊಂದು ಕಡೆ ತೊಡೆಯ ಮಧ್ಯೆಯೇ ಮಟ್ಟಸವಾಗಿತ್ತು.

“ನಾ ಸ್ಪ್ಯಾನರ್ ಮುಟ್ಟಿಲ್ಲ ತಮ್ಮಾ,” ಎಂದರು. ಆಮೇಲೆ ನಿಜವಾಗಿಯೂ ಅರ್ಥವಾಗದೆ ಕೇಳುವವರ ಹಾಗೆ ಕೇಳಿದರು. “ಅಮಾಸಿ ದಿನಾ ಗಾಡಿ ಹೊರ್ತ್ಯಾಗ ನಿಂತಿತ್ತಲ್ಲ. ನೀ ಯಾವಾಗ ಬಂದು ಅಳದಿ?”

ಅವರಿಗೆ ನನ್ನ ಮೇಲೆ ಸಂಶಯವೇ ಇರಲಿಲ್ಲ. ತಾವು ಮನೆಯಲ್ಲಿ ಹೋಳಿಗೆ ಉಣ್ಣುವಾಗ ನಾನೇ ಬಸ್ ಹತ್ತಿ ಬಂದು, ಗಾಡಿಯ ಕೆಳಗೆ ತೂರಿ ಅಳೆದು ಹೋಗಿರಬೇಕು ಎಂದುಕೊಂಡಿದ್ದರು. ನಾನು ಹೊದಿಕೆ ಮಟ್ಟಸವಾಗಿದ್ದ ಕಡೆ ನೋಡಿದೆ. ಕಾಕಾ ನನ್ನನ್ನು ನೋಡುತ್ತಾ ನೋಡುತ್ತಾ ತಿಳಿದುಕೊಂಡರು. ಮುಖ ಗೋಡೆಯ ಕಡೆ ತಿರುಗಿಸಿದರು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅಲ್ಲಿಂದ ನೇರ ಆರ್‌ಟಿಒ ಇನ್‌ಸ್ಪೆಕ್ಟರ್ ಕಚೇರಿಗೆ ಹೋದೆ. ಧೈರ್ಯದಿಂದಲ್ಲ. ಇಂಡಿಯ ಬಸ್ಸು ಹೊರಟುಹೋಗಿತ್ತು, ಇನ್ನೊಂದಕ್ಕೆ ಒಂದು ತಾಸು ಇತ್ತು. ಆ ಒಂದು ತಾಸು ಎಲ್ಲಾದರೂ ಕೂತಿದ್ದರೆ ಮತ್ತೊಂದು ಕಾರಣ ಹುಟ್ಟುತ್ತಿತ್ತು. ಇನ್‌ಸ್ಪೆಕ್ಟರ್ ನಿವೃತ್ತಿಯ ಅಂಚಿನಲ್ಲಿದ್ದ, ಕಡಿಮೆ ಮಾತಿನ ಮನುಷ್ಯ. ಎಲ್ಲ ಹೇಳಿದೆ: ಪೂಜಿಯ ಹೆಸರು, ಹೋಳಿಗೆ, ಫೋನು. ಅವರು ಕಾರ್ಡ್ ತೆಗೆದು ಬೆರಳಿಟ್ಟರು.

“ಎಲ್ಲಾ ಒಂದೂವರಿ ಬರದು, ಇಲ್ಲಿ ಯಾಕ ಒಂದೂಮುಕ್ಕಾಲು ಬರದಿ?”

“ನಂಬಲಿ ಅಂತ್ರಿ.”

ಅವರು ಕಾರ್ಡನ್ನು ಫೈಲಿಗೆ ಸೇರಿಸಿದರು. “ಅದನ್ನ ನೋಡೇ ನಾ ನಂಬಿದ್ದು,” ಎಂದರು.

ಬಿಳಿ ಹಾಳೆ ಕೊಟ್ಟರು. ಎರಡು ಪುಟ ಬರೆದು ಸಹಿ ಹಾಕಿದೆ. ನನ್ನ ಡಿಪ್ಲೊಮಾದಲ್ಲಿ ಕಲಿತದ್ದನ್ನೆಲ್ಲ ಸೇರಿಸಿ ನನ್ನ ವಿರುದ್ಧವೇ ಬರೆದ ಮೊದಲ ರಿಪೋರ್ಟ್ ಅದು. ಹಿಂದಿನ ತಿಂಗಳ ಕಾರ್ಡನ್ನೂ, ಅದರಲ್ಲಿ ಟೈಟ್ ಮಾಡಬೇಕು ಎಂದು ಕೆಂಪು ಪೆನ್ನಿನಲ್ಲಿ ಬರೆದಿದ್ದನ್ನೂ ಗುರಪ್ಪ ತಂದು ಕೊಟ್ಟ. ಬ್ರೇಕ್ ಸಡಿಲ ಮಾಡಿದ ಆರೋಪ ಕಾಕಾನ ಮೇಲಿಂದ ಇಳಿಯಿತು. ನನ್ನ ಕೆಲಸ ಅಂದೇ ಹೋಯಿತು. ಕೇಸಿನಲ್ಲಿ ಕಾಕಾನ ಹೆಸರು ಇದ್ದ ಜಾಗದಲ್ಲಿ ಈಗ ನನ್ನ ಹೆಸರು, ಮಾಲೀಕರ ಹೆಸರು ಇವೆ. ಇಂದಿಗೂ ಕೋರ್ಟಿನ ತಾರೀಖಿಗೆ ಹೋಗಿ ನಿಂತು ಬರುತ್ತೇನೆ. ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಸತ್ಯ ಹೇಳಿದ ಮೇಲೆ ಕಾಲು ವಾಪಸು ಬರುವುದಿಲ್ಲ.

ಈಗ ಬಸವನ ಬಾಗೇವಾಡಿಯ ಒಂದು ಗ್ಯಾರೇಜಿನಲ್ಲಿದ್ದೇನೆ. ಇಲ್ಲಿಯೂ ಅಮಾವಾಸ್ಯೆಗೆ ಟ್ರೈಲರ್‌ಗಳು ಸಾಲಾಗಿ ನಿಲ್ಲುತ್ತವೆ. ಟೆಂಗು ಒಡೆಯುವುದಕ್ಕೆ ಪೂಜಿ ಎನ್ನುತ್ತೇವೆ. ನನ್ನ ಕೆಲಸಕ್ಕೆ ಅಳತಿ ಎನ್ನುತ್ತೇವೆ. ಎರಡನ್ನೂ ಒಂದೇ ಮಾತಿನಲ್ಲಿ ಯಾರಾದರೂ ಕೇಳಿದರೆ ನಾನು ಉತ್ತರ ಕೊಡುವುದಿಲ್ಲ. ಕಾರ್ಡ್ ಕನ್ನಡದಲ್ಲಿದೆ. ಕೆಳಗೆ ಮಲಗಿದವನು ಅಂಕಿಯನ್ನು ಕೂಗಿ ಹೇಳಬೇಕು, ಮೇಲೆ ಕೂತ ಡ್ರೈವರ್ ಅದನ್ನು ತನ್ನ ಕೈಯಿಂದಲೇ ಬರೆಯಬೇಕು. ಗಾಡಿ ಕಣ್ಣೆದುರು ಇಲ್ಲದಿದ್ದರೆ ಕಾರ್ಡ್ ಖಾಲಿ. ಖಾಲಿ ಕಾರ್ಡ್ ನೋಡಿದರೆ ಯಾರಾದರೂ ಗಾಡಿಯ ಕಡೆ ನೋಡುತ್ತಾರೆ, ತುಂಬಿದ ಕಾರ್ಡ್ ನೋಡಿದವರು ನೋಡುವುದಿಲ್ಲ. ಈ ವೃತ್ತಿ ನನಗೆ ಕಲಿಸಿದ್ದು ಇಷ್ಟೇ. ಅದನ್ನು ಕಲಿಯಲು ಬಳಸಿದ್ದು ಇನ್ನೊಬ್ಬರ ಕಾಲು.

ಕಳೆದ ವರ್ಷ ಒಂದು ಅಮಾವಾಸ್ಯೆಯ ಬೆಳಿಗ್ಗೆ ಗ್ಯಾರೇಜಿನ ಮುಂದೆ ಆಟೊ ನಿಂತಿತು. ಕಾಕಾ ಕಂಕುಳಲ್ಲಿ ಕೋಲು ಹಿಡಿದು ಇಳಿದರು. ಯಾವುದೋ ಮದುವೆಗೆ ಬಂದಿದ್ದರಂತೆ. ಆಸ್ಪತ್ರೆಯ ಆ ದಿನದ ನಂತರ ನಾವು ಮಾತಾಡಿರಲಿಲ್ಲ. ನಾನು ಒಂದು ಟ್ರೈಲರಿನ ಅಡಿಯಿಂದ ತೆವಳಿ ಹೊರಬಂದು ನಿಂತೆ. ಮುಖಕ್ಕೆಲ್ಲ ಗ್ರೀಸ್ ಬಳಿದುಕೊಂಡಿದ್ದೆ, ನಗುವವರು ನಗಬಹುದಿತ್ತು. ಕಾಕಾ ನಗಲಿಲ್ಲ. ಪೆಡಲ್ ತುಳಿಯುವವರು ಯಾರು ಎಂದು ಕೇಳಿದರು. ಡ್ರೈವರ್ ಚಹಾಕ್ಕೆ ಹೋಗಿದ್ದಾನೆ ಎಂದೆ. ನನ್ನನ್ನು ಏರಿಸು ಎಂದರು.

ಇಬ್ಬರು ಹಿಡಿದು ಕ್ಯಾಬಿನ್ನಿಗೆ ಏರಿಸಿದೆವು. ಅವರು ಸೀಟಿನಲ್ಲಿ ಕೂತು, ಸ್ಟೇರಿಂಗಿನ ಮೇಲೆ ಒಮ್ಮೆ ಕೈ ಆಡಿಸಿ, ಎಡಗಾಲನ್ನು ಬ್ರೇಕಿನ ಕಡೆ ಸರಿಸಿಕೊಂಡರು. ನಾನು ಕೆಳಗೆ ಹೋಗಿ ಚಾಕ್‌ಪೀಸಿನ ಗುರುತು ಹಾಕಿದೆ. ತುಳಿಯಿರಿ ಎಂದು ಕೂಗಿದೆ. ಗಾಳಿ ಬುಸ್ಸೆಂದು ನುಗ್ಗಿ ಸಳಿ ಹೊರಗೆ ಬಂತು. ಒಂದೂವರೆ ಎಂದು ಕೂಗಿದೆ. ಬಿಡಿ ಕಾಕಾ ಎಂದೆ. ಅವರು ಬಿಡಲಿಲ್ಲ. ಸಳಿ ಹಾಗೆಯೇ ನಿಂತಿತ್ತು. ಮೇಲಿನಿಂದ ದನಿ ಬಂತು.

“ಹಿಡದೈತೇನು?”

“ಹಿಡದೈತ್ರಿ ಕಾಕಾ.”

“ಖರೇ?”

ನಾನು ಟೇಪನ್ನು ಮತ್ತೊಮ್ಮೆ ಇಟ್ಟು, ಗುರುತಿನಿಂದ ಡಬ್ಬಿಯವರೆಗೆ ಇನ್ನೊಮ್ಮೆ ಅಳೆದು, ಆಮೇಲೆ ಉತ್ತರ ಕೊಟ್ಟೆ.